ಪದ್ಮಿನಿಯ ಮಂದಗಣ್ಣು: ಬಲ್ಬ್ ಕೊಳ್ಳುವ ಮೊದಲು

ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಖಂಬಾಟ್ಕಿ ಘಾಟ್ ಹತ್ತುವಾಗ ಪೂರ್ತಿ ಕತ್ತಲಾಗಿತ್ತು. ಹಿಂದಿನ ಸೀಟಿನಿಂದ ಮಗಳು ಕೇಳಿದಳು, "ಅಪ್ಪಾ, ಲೈಟ್ ಹಚ್ಚಿಯೇನು?"

ಹಚ್ಚಿದ್ದೆ. ಹೈ ಬೀಮ್‌ನಲ್ಲೇ ಇತ್ತು. ಆದರೆ ಡ್ಯಾಶ್‌ಬೋರ್ಡಿನ ಪುಟ್ಟ ನೀಲಿ ದೀಪ ರಸ್ತೆಗಿಂತ ಚೆನ್ನಾಗಿ ಬೆಳಗುತ್ತಿತ್ತು. ಹಿಂದೆ ಬರುತ್ತಿದ್ದ ಲಾರಿಯ ಬೆಳಕಿನಲ್ಲಿ ನನ್ನ ಕಾರಿನ ನೆರಳೇ ನನ್ನ ಮುಂದೆ ಓಡುತ್ತಿತ್ತು. ಅಂದರೆ ಲಾರಿಯವನ ಲೈಟ್ ನನ್ನ ಲೈಟನ್ನು ನುಂಗಿಬಿಟ್ಟಿತ್ತು. ಅವನು ಓವರ್‌ಟೇಕ್ ಮಾಡಿ ಹೋದ ಮೇಲೆ ಸಾತಾರಾದವರೆಗೂ ಗಂಟೆಗೆ 40ರ ಮೇಲೆ ಹೋಗುವ ಧೈರ್ಯ ಬರಲಿಲ್ಲ.

ಕಾರು 1984ರ ಪ್ರೀಮಿಯರ್ ಪದ್ಮಿನಿ. ನಮ್ಮಪ್ಪನದು. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಬೆಳೆದು, ಈಗ ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಕವರ್ ಹೊದ್ದು ಮಲಗಿರುತ್ತದೆ. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಮರೆಯಾದ ಮೇಲೆ ನಮ್ಮಂಥವರ ಗಾಡಿಗೆ ಸಿಗ್ನಲ್‌ನಲ್ಲಿ ಫೋಟೊ ತೆಗೆಯುವವರು ಜಾಸ್ತಿಯಾದರು. ಹಗಲಲ್ಲಿ ಅದೆಲ್ಲ ಚೆಂದ. ರಾತ್ರಿ ಫೋಟೊ ತೆಗೆಯುವವರು ಯಾರೂ ಇರುವುದಿಲ್ಲ, ಅಲ್ವಾ.

ಊರಿಂದ ಬಂದವನೇ ಎಲ್ಲರನ್ನೂ ಕೇಳಿದೆ. ಒಬ್ಬರು ಎಲ್‌ಇಡಿ ಹಾಕು ಅಂದರು. ಇನ್ನೊಬ್ಬರು ನೂರು ವ್ಯಾಟ್ ಬಲ್ಬ್ ಹಾಕು ಅಂದರು. ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿ ಸಾಲಿನಲ್ಲಿ ಅರ್ಧ ದಿನ ಸುತ್ತಿದೆ. ಕೊನೆಗೆ ಅಲ್ಲೇ ಸಿಕ್ಕ ಒಬ್ಬ ವೈರಿಂಗ್ ಮೇಸ್ತ್ರಿ ದಾರಿ ತೋರಿಸಿದರು. ವಿಜಯಪುರ ಜಿಲ್ಲೆ ಇಂಡಿ ಕಡೆಯವರು. ನನ್ನ ಮಾತಿನ ಧಾಟಿ ಕೇಳಿ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. "ಬಲ್ಬ್ ಯಾಕ ಬದಲಿ ಮಾಡ್ತೀರಿ ಸಾಹೇಬ್ರ? ಇದ್ದ ಬಲ್ಬಿಗೆ ಎಷ್ಟ್ ಕರೆಂಟ್ ಮುಟ್ಟಾಕತ್ತೇತಿ, ಮೊದ್ಲ ಅದನ್ನ ನೋಡ್ರಿ."

ಅವರ ಆ ಮಾತೇ ಈ ಲೇಖನ. ಮುಂದೆ ಬರುವುದೆಲ್ಲ ಅದರ ವಿವರಣೆ.

ನಮ್ಮ ಸೊಸೈಟಿಯಲ್ಲಿ ನೀರಿನ ಟ್ಯಾಂಕ್ ತುಂಬಿರುತ್ತದೆ. ಆದರೂ ನಮ್ಮ ಮನೆ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತದೆ. ತಪ್ಪು ಟ್ಯಾಂಕಿನದಲ್ಲ, ನಲ್ಲಿಯದೂ ಅಲ್ಲ. ನಡುವೆ ಇರುವ ಮೂವತ್ತು ವರ್ಷದ ತುಕ್ಕು ಹಿಡಿದ ಪೈಪಿನದು. ಹಳೆಯ ಕಾರಿನ ಹೆಡ್‌ಲೈಟಿಗೂ ಇದೇ ಗತಿ. ಬ್ಯಾಟರಿ ಇರುವುದು ಬಾನೆಟ್ ಕೆಳಗೆ, ಹೆಡ್‌ಲೈಟಿನಿಂದ ಮೊಳ ದೂರದಲ್ಲಿ. ಆದರೆ ಕರೆಂಟ್ ನೇರ ಅಲ್ಲಿಗೆ ಹೋಗುವುದಿಲ್ಲ. ಅದು ಮೊದಲು ಒಳಗೆ ಡ್ಯಾಶ್‌ಬೋರ್ಡಿಗೆ ಬರಬೇಕು. ಲೈಟ್ ಸ್ವಿಚ್ಚು, ಆಮೇಲೆ ಡಿಪ್ಪರ್ ಸ್ವಿಚ್ಚು, ಆಮೇಲೆ ಫ್ಯೂಸು, ವೈರಿಗೆ ವೈರು ಜೋಡಿಸುವ ಎರಡು ಮೂರು ಕಪ್ಲರ್ ದಾಟಬೇಕು. ಅಷ್ಟಾದ ಮೇಲೆ ವಾಪಸು ಮುಂದಕ್ಕೆ. ವೈರ್ ಸಣ್ಣದು, ಸ್ವಿಚ್ಚಿನ ಒಳಗಿನ ಹಿತ್ತಾಳೆ ಪಟ್ಟಿ ಕರ್ರಗಾಗಿದೆ, ಫ್ಯೂಸಿನ ಕ್ಲಿಪ್ಪಿಗೆ ಹಸಿರು ಪಾಚಿ ಹಿಡಿದಿದೆ. ಒಂದೊಂದು ಕಡೆ ಒಂದಿಷ್ಟು ಒತ್ತಡ ಕಳೆದುಹೋಗುತ್ತದೆ. ಈ ಒತ್ತಡಕ್ಕೇ ವೋಲ್ಟೇಜ್ ಅನ್ನುವುದು.

ಇಲ್ಲಿ ಒಂದು ಲೆಕ್ಕ ಮುಖ್ಯ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ತಂತಿ ಕಾಯಿಸಿ ಬೆಳಕು ಕೊಡುವ ಬಲ್ಬಿನಲ್ಲಿ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಹತ್ತು ಪರ್ಸೆಂಟ್ ಇಳಿಯುವುದಿಲ್ಲ. ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಬೆಳಕು ವೋಲ್ಟೇಜಿನ ಹೆಚ್ಚುಕಡಿಮೆ 3.4ನೇ ಘಾತದಂತೆ ಏರಿಳಿಯುತ್ತದೆ ಅನ್ನುವುದು ಬಲ್ಬ್ ಮಾಡುವವರ ಲೆಕ್ಕ. ತಂತಿ ಸ್ವಲ್ಪ ತಣ್ಣಗಾದರೂ ಸಾಕು, ಹೊಳಪು ಹೋಗಿ ಕೆಂಪು ಬರುತ್ತದೆ. ಹಳೆಯ ಗಾಡಿಯ ಲೈಟು ಚಿಮಣಿ ದೀಪದ ಬಣ್ಣದಲ್ಲಿ ಉರಿಯುವುದು ಇದಕ್ಕೇ.

ನನ್ನ ಗಾಡಿಯಲ್ಲಿ ಮೇಸ್ತ್ರಿ ಅಳೆದಾಗ ಬ್ಯಾಟರಿಯಲ್ಲಿ, ಎಂಜಿನ್ ಓಡುತ್ತಿರುವಾಗ, 13.8 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 11.6. ನಡುವೆ 2.2 ವೋಲ್ಟ್ ಮಾಯ. ಮೇಲಿನ ಲೆಕ್ಕ ಹಾಕಿ ನೋಡಿ. ಬರಬೇಕಾದ ಬೆಳಕಿನ ಅರ್ಧಕ್ಕಿಂತ ತುಸು ಜಾಸ್ತಿ ಮಾತ್ರ ಬರುತ್ತಿತ್ತು. ನಾನು ದುಡ್ಡು ಕೊಟ್ಟು ಎರಡು ಬಲ್ಬ್ ತಂದು ಒಂದನ್ನೇ ಉರಿಸುತ್ತಿದ್ದ ಹಾಗೆ.

ಇದನ್ನು ನೀವೇ ಅಳೆಯಬಹುದು. ಸಾಧಾರಣ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಟ್ಟುಕೊಳ್ಳಿ. ಎಂಜಿನ್ ಓಡುತ್ತಿರಲಿ, ಲೈಟ್ ಉರಿಯುತ್ತಿರಲಿ. ಹೋಲ್ಡರನ್ನು ಬಲ್ಬಿನಿಂದ ಕಿತ್ತು ಅಳೆಯಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಕಳೆದುಹೋಗುವುದೇ ಇಲ್ಲ, ಮೀಟರ್ ಪೂರ್ತಿ 13.8 ತೋರಿಸಿ ನಿಮ್ಮನ್ನು ಖುಷಿಪಡಿಸುತ್ತದೆ. ನಲ್ಲಿ ಮುಚ್ಚಿದ್ದಾಗ ತುಕ್ಕು ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತದಲ್ಲ, ಹಾಗೆ. ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂದಿನಿಂದ ಮೀಟರಿನ ಸೂಜಿ ತೂರಿಸಿ ಅಳೆಯಬೇಕು.

ಆಮೇಲೆ ಇನ್ನೊಂದು ಅಳತೆ. ಬಲ್ಬಿನಿಂದ ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿಗೆ ಅರ್ತ್ ಅನ್ನುತ್ತಾರೆ. ಮೀಟರಿನ ಒಂದು ತುದಿ ಬಲ್ಬಿನ ಅರ್ತ್ ವೈರಿಗೆ, ಇನ್ನೊಂದು ನೇರ ಬ್ಯಾಟರಿಯ ಮೈನಸ್ಸಿಗೆ. ಇಲ್ಲಿ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ನನ್ನದರಲ್ಲಿ 0.7 ಇತ್ತು. ಕಾರಣ ತೀರಾ ಚಿಕ್ಕದು. ಯಾವಾಗಲೋ ಟಿಂಕರಿಂಗ್, ಪೇಂಟಿಂಗ್ ಆದಾಗ ಅರ್ತ್ ಸ್ಕ್ರೂ ಕೂರುವ ಜಾಗಕ್ಕೂ ಬಣ್ಣ ಹೊಡೆದಿದ್ದರು. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ, ಸ್ಕ್ರೂವಿನ ಹಲ್ಲು ಹಿಡಿದಷ್ಟೇ ಗತಿ. ಎಮರಿ ಪೇಪರ್‌ನಲ್ಲಿ ತಗಡು ಮಿನುಗುವವರೆಗೆ ಉಜ್ಜಿದೆವು. ವೈರಿನ ತುದಿಗೆ ಹೊಸ ಲಗ್ (ಸ್ಕ್ರೂ ಹಿಡಿಯುವ ಬಳೆ) ಹಾಕಿ, ಬಿಗಿಮಾಡಿ, ಮೇಲೆ ಗ್ರೀಸ್ ಸವರಿದೆವು. ಬಲ್ಬಿನಲ್ಲಿ 12.3 ವೋಲ್ಟ್ ಬಂತು. ಕಣ್ಣಿಗೆ ಕಾಣುವಷ್ಟು ಬೆಳಕು ಹೆಚ್ಚಿತು, ಲೆಕ್ಕದಲ್ಲಿ ಐದನೇ ಒಂದು ಭಾಗ. ಖರ್ಚು ಒಂದು ಚಹಾ.

ಪ್ಲಸ್ ಕಡೆಯ ನಷ್ಟಕ್ಕೆ ಮದ್ದು ರಿಲೇ. ಹೆಸರು ಕೇಳಿ ಗಾಬರಿಯಾಗುವಂಥದ್ದೇನಿಲ್ಲ. ಬೆಂಕಿಪೊಟ್ಟಣದಷ್ಟಗಲದ ಡಬ್ಬಿ. ಒಳಗೆ ಒಂದು ಸುರುಳಿ, ಒಂದು ಸ್ವಿಚ್ಚು. ಸುರುಳಿಗೆ ಸ್ವಲ್ಪ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಸ್ವಿಚ್ಚನ್ನು ಎಳೆದುಕೊಳ್ಳುತ್ತದೆ. ಆ ಸ್ವಿಚ್ಚಿನಲ್ಲಿ ಬ್ಯಾಟರಿಯಿಂದ ಬಲ್ಬಿಗೆ ನೇರ, ದಪ್ಪ ವೈರಿನಲ್ಲಿ ಕರೆಂಟ್ ಹರಿಯುತ್ತದೆ. ಹಳೆಯ ಸ್ವಿಚ್ಚು ಈಗ ಬಲ್ಬಿನ ಭಾರ ಹೊರುವುದಿಲ್ಲ, ಬರೀ ಸನ್ನೆ ಮಾಡುತ್ತದೆ. ಕೆರೆಯ ತೂಬು ಎತ್ತುವವನು ನೀರು ಹೊರುವುದಿಲ್ಲವಲ್ಲ. ಏಳು ಆಂಪಿಯರ್ ಹೊರುತ್ತಿದ್ದ ಸ್ವಿಚ್ಚಿಗೆ ಈಗ ಕಾಲು ಆಂಪಿಯರ್ ಕೂಡ ಇಲ್ಲ. ಅದರ ಆಯಸ್ಸೂ ಹೆಚ್ಚಿತು. ನಲವತ್ತು ವರ್ಷದ ಹಳೆ ಸ್ವಿಚ್ಚು ಇನ್ನೆಲ್ಲಿ ಸಿಗುತ್ತದೆ ಹೇಳಿ.

ಎರಡು ರಿಲೇ ಬೇಕು, ಲೋ ಬೀಮಿಗೊಂದು, ಹೈ ಬೀಮಿಗೊಂದು. ರಿಲೇ ಕೆಳಗೆ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ವೈರ್. 87ರಿಂದ ಬಲ್ಬಿಗೆ. 86ಕ್ಕೆ ಹಳೆಯ ಹೆಡ್‌ಲೈಟ್ ವೈರು, ಅಂದರೆ ಸನ್ನೆ. 85 ಅರ್ತಿಗೆ. ಇಷ್ಟೇ ಕತೆ. ವೈರ್ 2.5 ಸ್ಕ್ವೇರ್ ಎಂಎಂ ತಾಮ್ರದ್ದಿರಲಿ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ರಿಲೇ ಪಕ್ಕದಲ್ಲಲ್ಲ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ತಗಡಿಗೆ ಉಜ್ಜಿ ಶಾರ್ಟ್ ಆದರೆ ಅದನ್ನು ಕಾಯುವವರು ಯಾರೂ ಇಲ್ಲ, ಸೀದಾ ಬೆಂಕಿ. ಎರಡು ರಿಲೇಗೂ ಬೇರೆ ಬೇರೆ 15 ಆಂಪಿಯರ್ ಫ್ಯೂಸ್ ಹಾಕಿ. ಒಂದು ಹೋದರೆ ಇನ್ನೊಂದರಲ್ಲಿ ಮನೆ ಮುಟ್ಟಬಹುದು. ಒಂದೇ ಫ್ಯೂಸಿನಲ್ಲಿ ಎಲ್ಲ ಮುಗಿಸಿದ ಕಿಟ್ ಅಗ್ಗಕ್ಕೆ ಸಿಗುತ್ತದೆ. ಘಾಟಿನ ತಿರುವಿನಲ್ಲಿ ಎರಡೂ ಕಣ್ಣು ಒಟ್ಟಿಗೆ ಮುಚ್ಚಿದರೆ ಏನಾಗುತ್ತದೆ ಅಂತ ಯೋಚಿಸಿ, ಆಮೇಲೆ ಬೆಲೆ ನೋಡಿ.

ಹಳೆಯ ವೈರಿಂಗನ್ನು ಕತ್ತರಿಸಬೇಡಿ. ಬಲ್ಬಿನಿಂದ ಬಿಚ್ಚಿದ ಹಳೆಯ ಹೋಲ್ಡರಿಗೇ ಹೊಸ ಹಾರ್ನೆಸ್ಸಿನ, ಅಂದರೆ ಹೊಸ ವೈರಿನ ಕಟ್ಟಿನ, ಕಪ್ಲರ್ ಸಿಕ್ಕಿಸಿದರೆ ಸನ್ನೆ ಸಿಗುತ್ತದೆ. ನಾಳೆ ವಿಂಟೇಜ್ ರ‍್ಯಾಲಿಯಲ್ಲಿ ಯಾರಾದರೂ ಒರಿಜಿನಲ್ ಕೇಳಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿಡಬಹುದು. ರಿಲೇ ಕೂರಿಸುವಾಗ ವೈರ್ ಬರುವ ಬಾಯಿ ಕೆಳಮುಖವಾಗಿರಲಿ. ಪುಣೆ ಮಳೆ ನಮ್ಮ ಧಾರವಾಡದ ಮಳೆಯ ತಮ್ಮ, ಬಂದರೆ ಬಿಡುವುದಿಲ್ಲ.

ಇಷ್ಟಾದ ಮೇಲೆ ನನ್ನ ಬಲ್ಬಿನಲ್ಲಿ 13.4 ವೋಲ್ಟ್. ಮೊದಲಿದ್ದ 11.6ಕ್ಕೆ ಹೋಲಿಸಿದರೆ ಬೆಳಕು ಅರವತ್ತು ಪರ್ಸೆಂಟ್ ಜಾಸ್ತಿ. ಅದೇ ಬಲ್ಬು, ಅದೇ ಗಾಜು.

ಒಪ್ಪಿಕೊಳ್ಳಬೇಕಾದ ಒಂದು ಮಾತು ಇದೆ. ಹತ್ತು ವರ್ಷದ ಹಿಂದೆ ಈ ದಾರಿ ಬಿಟ್ಟು ನಾನೂ ನೂರು ವ್ಯಾಟಿನ ದಾರಿ ಹಿಡಿದಿದ್ದೆ. 100/90 ಬಲ್ಬ್ (ಹೈ ಬೀಮಿಗೆ 100 ವ್ಯಾಟ್, ಲೋ ಬೀಮಿಗೆ 90) ತಂದು ಸುಮ್ನೆ ಹಳೆಯ ಹೋಲ್ಡರಿಗೆ ಸಿಕ್ಕಿಸಿದೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಕರಾಡ ದಾಟುತ್ತಿದ್ದಾಗ ಸ್ಟೀರಿಂಗ್ ಹತ್ತಿರ ಸುಟ್ಟ ವಾಸನೆ ಬಂತು, ಎರಡೂ ಲೈಟ್ ಆರಿದವು. ಲೆಕ್ಕ ಸರಳ. 45 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್. ನೂರು ವ್ಯಾಟಿನ ಎರಡಕ್ಕೆ ಹದಿನಾರು ದಾಟುತ್ತದೆ. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜೂ ಎರಡು ಪಟ್ಟು. ಅಂದರೆ ಬಲ್ಬ್ ದೊಡ್ಡದಾದಷ್ಟೂ ಅದಕ್ಕೆ ಮುಟ್ಟುವ ಪಾಲು ಕಡಿಮೆ, ಉಳಿದದ್ದು ನಿಮ್ಮ ಸ್ವಿಚ್ಚನ್ನು ಬೇಯಿಸುತ್ತದೆ. ಅಷ್ಟಲ್ಲದೆ ಎಚ್‌4 ಅನ್ನುವ ಹ್ಯಾಲೊಜನ್ ಬಲ್ಬಿಗೆ ರಸ್ತೆಯ ಮೇಲೆ ಒಪ್ಪಿದ ಅಳತೆ 60/55. ಅದರ ಮೇಲಿನದೆಲ್ಲ ರ‍್ಯಾಲಿ ಮೈದಾನದ ಸಾಮಾನು.

ನಿಮ್ಮದು ಡೈನಮೋ (ಆಲ್ಟರ್ನೇಟರಿಗೂ ಮೊದಲಿನ, ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇರುವ ಹಳೆಯ ಫಿಯಟ್ ಆದರೆ ಇನ್ನೂ ಎಚ್ಚರ ಬೇಕು. ಡೈನಮೋ ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಲೈಟು, ವೈಪರು ಎಲ್ಲ ಬ್ಯಾಟರಿಯನ್ನೇ ಹೀರುತ್ತವೆ. ಅಂಥ ಗಾಡಿಯಲ್ಲಿ ವೈರಿಂಗ್ ಸರಿಮಾಡಿ 45/40ರಲ್ಲೇ ಉಳಿಯುವುದು ಜಾಣತನ, ಇಲ್ಲವೇ ಮೊದಲು ಆಲ್ಟರ್ನೇಟರ್ ಹಾಕಿಸಿಕೊಳ್ಳಬೇಕು.

ಕರೆಂಟ್ ಮುಟ್ಟಿತು ಅಂದುಕೊಳ್ಳಿ. ಈಗ ಬೆಳಕು ರಸ್ತೆಗೆ ಮುಟ್ಟಬೇಕು. ಅದು ಡೂಮ್ ಕೆಲಸ. ಹೆಡ್‌ಲೈಟಿನ ಬಟ್ಟಲು ಮತ್ತು ಗಾಜನ್ನು ಸೇರಿಸಿ ಅಂಗಡಿಯವರು ಡೂಮ್ ಅನ್ನುತ್ತಾರೆ. ಪದ್ಮಿನಿ, ಅಂಬಾಸಡರ್, ಜೀಪು, ಎಲ್ಲದರದೂ ಏಳು ಇಂಚಿನ ದುಂಡು ಡೂಮ್. ನಮ್ಮ ಪುಣ್ಯ, ಇನ್ನೂ ಸಿಗುತ್ತದೆ.

ಬಟ್ಟಲಿನ ಒಳಗೆ ಕನ್ನಡಿಯಂಥ ಲೇಪ ಇದೆ. ತಂತಿಯ ಬೆಳಕು ಅದಕ್ಕೆ ಬಡಿದು ಮುಂದೆ ಹಾಯುತ್ತದೆ. ಗಾಜಿನ ಮೇಲಿನ ಉದ್ದ ಗೆರೆಗಳು ಅಲಂಕಾರಕ್ಕಲ್ಲ, ಬೆಳಕನ್ನು ರಸ್ತೆಯಗಲಕ್ಕೆ ಹರಡುವುದಕ್ಕೆ. ಬಲ್ಬಿನ ಒಳಗೆ ಎರಡು ತಂತಿ. ಲೋ ಬೀಮ್ ತಂತಿಯ ಕೆಳಗೆ ಚಮಚದಂಥ ಒಂದು ಪುಟ್ಟ ತಗಡು ಇದೆ. ಆ ತಂತಿಯ ಬೆಳಕು ಬಟ್ಟಲಿನ ಕೆಳಭಾಗಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಬಟ್ಟಲಿನ ಕೆಳಭಾಗಕ್ಕೆ ಬಿದ್ದ ಬೆಳಕು ಮೇಲಕ್ಕೆ, ಅಂದರೆ ಎದುರಿನವನ ಕಣ್ಣಿಗೆ ಹೋಗುತ್ತದೆ. ಅದಕ್ಕೇ ಆ ತಗಡು. ಲೋ ಬೀಮ್ ಹಾಕಿದಾಗ ಎದುರಿನ ಗೋಡೆಯಲ್ಲಿ ಮೇಲೆ ಕತ್ತಲು, ಕೆಳಗೆ ಬೆಳಕು ಅಂತ ಒಂದು ಗೆರೆ ಕಾಣುತ್ತದಲ್ಲ, ಅದು ಈ ಚಮಚದ ಅಂಚಿನ ನೆರಳು. ಇದೆಲ್ಲ ನಡೆಯುವುದು ತಂತಿ ತನ್ನ ಜಾಗದಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿ ಕೂತಿದ್ದರೆ ಮಾತ್ರ.

ಈಗ ನಿಮ್ಮ ಡೂಮ್ ಬಿಚ್ಚಿ ಒಳಗೆ ಇಣುಕಿ. ಲೇಪ ಮಂಕಾಗಿದ್ದರೆ, ಹಳೆಯ ಸ್ಟೀಲ್ ಲೋಟದ ಹಾಗೆ ಕಲೆ ಬಿದ್ದಿದ್ದರೆ, ಎಷ್ಟು ವ್ಯಾಟ್ ಹಾಕಿದರೂ ಅಷ್ಟೇ. ಬಟ್ಟೆಯಲ್ಲಿ ಒರೆಸಿ ಹೊಳಪು ತರೋಣ ಅನ್ನಿಸುತ್ತದೆ. ಬೇಡ. ಆ ಲೇಪ ಉಸಿರಿನಷ್ಟು ತೆಳ್ಳಗೆ, ಉಜ್ಜಿದರೆ ಬಂದುಬಿಡುತ್ತದೆ. ಡೂಮ್ ಬದಲಿಸಬೇಕು. ಅಂದಹಾಗೆ, ಹಿಂದೆ ಲಾರಿ, ಅಂಬಾಸಡರ್‌ಗಳ ಹೆಡ್‌ಲೈಟ್ ನಡುವೆ ಕಪ್ಪು ಬೊಟ್ಟು ಇಡುತ್ತಿದ್ದರು. ದೃಷ್ಟಿ ಬೊಟ್ಟು ಅಂತ ಚಿಕ್ಕವನಿದ್ದಾಗ ನಂಬಿದ್ದೆ. ಎದುರಿನವನ ಕಣ್ಣು ಕುಕ್ಕದಿರಲಿ ಅಂತ ಅದು. ಲೈಟು ಸರಿಯಾಗಿ ಕೂರಿಸಿದ ಗಾಡಿಗೆ ಅದು ಬೇಕಿಲ್ಲ, ಇದ್ದ ಬೆಳಕಿಗೂ ಕಲ್ಲು.

ನಾನು ಡೂಮ್ ಬದಲಿಸುವಾಗಲೇ ಎಚ್‌4ಗೆ ಹೋದೆ. ಪದ್ಮಿನಿಯ ಹಳೆಯ ಬಲ್ಬಿನ ತಳ ಪಿ45ಟಿ, ಎಚ್‌4ರದು ಪಿ43ಟಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ತಳದ ಮೇಲೆ ಹ್ಯಾಲೊಜನ್ ತಲೆ ಕೂರಿಸಿದ ಬಲ್ಬುಗಳೂ ಸಿಗುತ್ತವೆ, ಡೂಮ್ ಚೆನ್ನಾಗಿದ್ದರೆ ಅದೂ ನಡೆಯುತ್ತದೆ. ಡೂಮ್ ಹೇಗೂ ಬದಲಾಗುವುದಿದ್ದರೆ ಎಚ್‌4ರದೇ ಕೊಳ್ಳಿ. ನಿಯಮದ ಅಳತೆಯಲ್ಲಿ ಹಳೆಯ 45/40 ಬಲ್ಬು ಲೋ ಬೀಮಿನಲ್ಲಿ ಸುಮಾರು 675 ಲ್ಯೂಮೆನ್ (ಬೆಳಕಿನ ಅಳತೆ) ಕೊಡುತ್ತದೆ, ಎಚ್‌4 ಸುಮಾರು 1000. ವ್ಯಾಟ್ ಏರಿದ್ದು ಮೂರನೇ ಒಂದರಷ್ಟು, ಬೆಳಕು ಏರಿದ್ದು ಅರ್ಧದಷ್ಟು. ಹ್ಯಾಲೊಜನ್ ಅನಿಲದ ಕಾರಣ ತಂತಿಯನ್ನು ಇನ್ನಷ್ಟು ಬಿಸಿಯಾಗಿ ಉರಿಸಬಹುದು, ಗಾಜೂ ಕರ್ರಗಾಗುವುದಿಲ್ಲ. ಗಾಜಿಗೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಕಾದು ಅಲ್ಲೇ ಒಡೆಯುತ್ತದೆ. ಗಾಜಿನ ಡೂಮನ್ನೇ ಕೇಳಿ. ಪ್ಲಾಸ್ಟಿಕ್ಕಿನದು ಎರಡು ಬೇಸಿಗೆಗೆ ಹಳದಿಯಾಗುತ್ತದೆ.

ವಿದೇಶದಿಂದ ತರಿಸುವವರಿಗೆ ಒಂದು ಕಿವಿಮಾತು. ಲೋ ಬೀಮ್ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ನಾವು ಎಡಕ್ಕೆ ಓಡಿಸುವವರು, ಹಾಗಾಗಿ ಎಡಬದಿಯ ಬೆಳಕು ಸ್ವಲ್ಪ ಮೇಲೇರಿ ರಸ್ತೆಯಂಚು, ನಡೆದುಹೋಗುವವರನ್ನು ತೋರಿಸುತ್ತದೆ. ಬಲಕ್ಕೆ ಓಡಿಸುವ ದೇಶದ ಲ್ಯಾಂಪ್ ಇದರ ಉಲ್ಟಾ. ಗೋವಾದ ಮಡಗಾಂವಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಅವನ ಹಳೆಯ ಫಿಯಟ್ಟಿಗೆ ಲಿಸ್ಬನ್ನಿನ ಬಂಧುವೊಬ್ಬರು ಪ್ರೀತಿಯಿಂದ ಒಂದು ಜೊತೆ ಲ್ಯಾಂಪ್ ಕಳಿಸಿದರು. ಎದುರು ಬಂದವರೆಲ್ಲ ಇವನಿಗೆ ಡಿಪ್ಪರ್ ಹೊಡೆಯಲು ಶುರು. ಪೋರ್ಚುಗಲ್ 1928ರಲ್ಲಿ ಬಲಕ್ಕೆ ಬದಲಾಯಿತು, ತನ್ನ ಕೈಯಲ್ಲಿದ್ದ ಗೋವಾವನ್ನು ಮಾತ್ರ ಎಡಕ್ಕೇ ಬಿಟ್ಟಿತ್ತು. ಆ ಗೊಂದಲ ಇವನ ಬಂಪರಿನ ಮೇಲೆ ಬಂದು ಕೂತಿತ್ತು. ಯುರೋಪಿನ ಗುರುತಿರುವ ಲ್ಯಾಂಪಿನ ಗಾಜಿನಲ್ಲಿ ಬಾಣ ಹುಡುಕಿ. ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ನಮ್ಮ ಎಡ ರಸ್ತೆಯದು. ಬಾಣವೇ ಇಲ್ಲದಿದ್ದರೆ ಬಲ ರಸ್ತೆಯದು, ಬಿಟ್ಟುಬಿಡಿ.

ಇನ್ನು ಎಲ್‌ಇಡಿ. ಎಚ್‌4 ಹೋಲ್ಡರಿಗೆ ಸಿಕ್ಕಿಸುವ ಎಲ್‌ಇಡಿ ಬಲ್ಬಿನ ಆಸೆ ನನಗೆ ಅರ್ಥವಾಗುತ್ತದೆ. ಕರೆಂಟ್ ಕಡಿಮೆ ಸಾಕು, ಬೆಳ್ಳಗೆ ಹೊಳೆಯುತ್ತದೆ. ಆದರೆ ತಂತಿ ಇದ್ದದ್ದು ಸಣ್ಣ ಸುರುಳಿ, ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಎಲ್‌ಇಡಿ ಚಿಪ್ಪುಗಳು ಒಂದು ಪಟ್ಟಿಯ ಎರಡು ಮೈಗೆ ಅಂಟಿರುತ್ತವೆ. ಬಟ್ಟಲು ತನ್ನ ಲೆಕ್ಕದಲ್ಲಿ ಬೆಳಕನ್ನು ಎಸೆಯುತ್ತದೆ, ಮೂಲ ಬೇರೆಯಾದರೆ ಎಸೆತ ತಪ್ಪುತ್ತದೆ. ಗಾಡಿಯ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದ ಹಾಗೆ, ದೂರದಲ್ಲಿ ಕತ್ತಲು, ಎದುರಿನವನ ಕಣ್ಣಿಗೆ ಕತ್ತಿ. ಹತ್ತಿರ ಬೆಳ್ಳಗಿದ್ದಷ್ಟೂ ನಮ್ಮ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ್ದು ಇನ್ನೂ ಕಾಣುವುದಿಲ್ಲ. ಓಡಿಸುವವನಿಗೆ ಮಾತ್ರ ಎಷ್ಟು ಬೆಳಕು ಅನ್ನಿಸುತ್ತಿರುತ್ತದೆ. ಹ್ಯಾಲೊಜನ್‌ಗೆಂದು ಒಪ್ಪಿಗೆ ಪಡೆದ ಲ್ಯಾಂಪಿನಲ್ಲಿ ಬೇರೆ ಬೆಳಕು ಕೂರಿಸಿದರೆ ಆ ಒಪ್ಪಿಗೆಯೂ ಅಲ್ಲಿಗೇ ಮುಗಿಯಿತು. ಏಳಿಂಚಿನ ಪೂರ್ತಿ ಎಲ್‌ಇಡಿ ಲ್ಯಾಂಪಿನ ಮಾತು ಬೇರೆ, ಅದರ ಬಟ್ಟಲು, ಗಾಜು ಎಲ್ಲ ಎಲ್‌ಇಡಿಗೆಂದೇ ಮಾಡಿದ್ದು. ಒಳ್ಳೆಯದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪದ್ಮಿನಿಯ ಮುಖಕ್ಕೆ ಮಾತ್ರ ಕೂಲಿಂಗ್ ಗ್ಲಾಸ್ ಹಾಕಿದ ಅಜ್ಜಿಯ ಕಳೆ ಬರುತ್ತದೆ. ಅದು ನನ್ನ ಅಭಿಪ್ರಾಯ, ಬಿಡಿ.

ಮಳೆಗಾಲದ ಲೋಣಾವಳ, ಆಂಬೋಲಿ ಘಾಟಿನ ಮಂಜಿನಲ್ಲಿ ಬೆಳ್ಳನೆ ಬೆಳಕು ಗೋಡೆಯಾಗಿ ವಾಪಸು ಬರುತ್ತದೆ. ಹಳದಿ ಒಳ್ಳೆಯದು ಅನ್ನುವವರಿದ್ದಾರೆ, ಫ್ರಾನ್ಸಿನಲ್ಲಂತೂ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಿತ್ತು. ನನ್ನ ಅನುಭವದಲ್ಲಿ ಮಂಜಿಗೆ ಬಣ್ಣಕ್ಕಿಂತ ಬೆಳಕು ತಗ್ಗಿನಲ್ಲಿರುವುದು ಮುಖ್ಯ. ಹೈ ಬೀಮ್ ಆರಿಸಿ, ನಿಧಾನ ಹೋಗಿ.

ಕೊನೆಗೆ ಉಳಿದದ್ದು ಫೋಕಸ್ ಹೊಂದಿಸುವುದು. ಜನ ಬಲ್ಬಿಗೆ ಸಾವಿರ ಸುರಿಯುತ್ತಾರೆ, ಇದಕ್ಕೆ ಅರ್ಧ ಗಂಟೆ ಕೊಡುವುದಿಲ್ಲ. ಸೊಸೈಟಿಯ ಕಾಂಪೌಂಡ್ ಗೋಡೆ ಸಾಕು. ನೆಲ ಸಮ ಇರಲಿ, ಟೈರಿನಲ್ಲಿ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಗಾಡಿಯನ್ನು ಗೋಡೆಗೆ ತೀರಾ ಹತ್ತಿರ ನಿಲ್ಲಿಸಿ, ಎರಡೂ ಲೈಟಿನ ನಡುವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆಮೇಲೆ ಹತ್ತು ಮೀಟರ್ ಹಿಂದೆ ತನ್ನಿ. ಲೋ ಬೀಮಿನ ಆ ಗೆರೆ ಗುರುತಿಗಿಂತ ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ಲೈಟಿನ ಬಳೆ ಬಿಚ್ಚಿದರೆ ಎರಡು ಸ್ಕ್ರೂ ಕಾಣುತ್ತವೆ. ಮೇಲಿನದು ಮೇಲೆ-ಕೆಳಗೆ, ಪಕ್ಕದ್ದು ಎಡ-ಬಲ.

ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಅಂದರೆ ನೂರಕ್ಕೆ ಒಂದರ ಇಳಿಜಾರು. ನನ್ನ ಗಾಡಿಯ ಲೈಟು ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ. ಅಂದರೆ ಆ ಬೆಳಕು ರಸ್ತೆ ಮುಟ್ಟುವುದು 65 ಮೀಟರ್ ದೂರದಲ್ಲಿ. ಅದರಾಚೆ ಲೋ ಬೀಮಿನಲ್ಲಿ ರಸ್ತೆಯೇ ಇಲ್ಲ ಅಂದುಕೊಳ್ಳಿ. ಈಗ ಬ್ರೇಕಿನ ಲೆಕ್ಕ. ಗಂಟೆಗೆ 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎಮ್ಮೆ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, 33 ಮೀಟರ್ ಹೋಯಿತು. ಡ್ರಮ್ ಬ್ರೇಕಿನಲ್ಲಿ ನಿಲ್ಲಲು ಇನ್ನೊಂದು ಐವತ್ತು. ಒಟ್ಟು 80 ದಾಟಿತು. ಎಮ್ಮೆ 65ರಲ್ಲೇ ನಿಂತಿತ್ತು. 60ರ ವೇಗದಲ್ಲಾದರೆ ಇದೇ ಲೆಕ್ಕ 53 ಮೀಟರಿಗೆ ಮುಗಿಯುತ್ತದೆ. ಇನ್ನೂ ದೂರ ನೋಡಬೇಕೆಂದು ಬೆಳಕು ಹೆಚ್ಚಿಸಿದರೆ? ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಬೆಳಕು ಬೇಕು. ನನ್ನ ಎಲ್ಲ ರಿಪೇರಿ ಸೇರಿ ಬೆಳಕು ಎರಡೂವರೆ ಪಟ್ಟಿಗೆ ಹತ್ತಿರ ಬಂತು, ಕಣ್ಣು ಹರಿಯುವ ದೂರ ಒಂದೂವರೆ ಪಟ್ಟು. ಲೋ ಬೀಮಿನಲ್ಲಿ ಅದೂ ಆ ಗೆರೆಯ ಒಳಗೇ.

ಎದುರಿನವನಿಗೆ ಕಣ್ಣು ಕುಕ್ಕುತ್ತಿದೆಯೇ ಅಂತ ನೋಡಲು ನಮ್ಮ ಮೋಟಾರು ವಾಹನ ನಿಯಮಗಳಲ್ಲೇ ಒಂದು ಸುಲಭ ಪರೀಕ್ಷೆ ಇದೆ. 1989ರ ಕೇಂದ್ರ ನಿಯಮಗಳ 106ನೆಯದು. ಲೈಟಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವನಿಗೆ ಬೆಳಕು ಕುಕ್ಕಬಾರದು. ಲೋ ಬೀಮ್ ಹಾಕಿ, ನೀವೇ ಅಲ್ಲಿ ಹೋಗಿ ಸ್ವಲ್ಪ ಮೊಣಕಾಲು ಬಗ್ಗಿಸಿ ನಿಂತು ನೋಡಿ. ವಾಚ್‌ಮನ್ ನಗಬಹುದು, ನಗಲಿ.

ಇಷ್ಟು ಮಾಡಿಯೂ ಮಸುಕಾಗಿದ್ದರೆ ವಿಂಡ್‌ಸ್ಕ್ರೀನಿನ ಒಳಮೈ ಒರೆಸಿ, ಅಲ್ಲಿ ಕೂರುವ ಜಿಡ್ಡು ಹಗಲು ಕಾಣುವುದೇ ಇಲ್ಲ. ಆಮೇಲೂ ಮಸುಕಾಗಿದ್ದರೆ ಕಣ್ಣಿನ ಡಾಕ್ಟರ್. ಅರವತ್ತು ದಾಟಿದವರ ಕಣ್ಣಿನೊಳಗೆ ಇಪ್ಪತ್ತರ ಹುಡುಗನಿಗೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಹೋಗುತ್ತದೆ. ಅದಕ್ಕೆ ನಾನಾ ಪೇಠೆಯಲ್ಲಿ ಪಾರ್ಟ್ ಸಿಗುವುದಿಲ್ಲ.

ರಿಲೇ, ವೈರು, ಡೂಮು, ಬಲ್ಬು, ಮೇಸ್ತ್ರಿಯ ಕೂಲಿ ಸೇರಿ ನನಗೆ ಮೂರು ಸಾವಿರದೊಳಗೆ ಮುಗಿಯಿತು. ಮುಂದಿನ ತಿಂಗಳು ಮತ್ತೆ ಧಾರವಾಡಕ್ಕೆ ಹೋದೆವು. ಖಂಬಾಟ್ಕಿಯಲ್ಲಿ ಮಗಳು ನಿದ್ದೆ ಹೋಗಿದ್ದಳು, ಪ್ರಶ್ನೆ ಬರಲಿಲ್ಲ. ವಾಪಸು ಬರುವಾಗ ಮಾತ್ರ ಸಂಕೇಶ್ವರ ದಾಟಿದ ಮೇಲೆ ಎದುರಿನ ಲಾರಿಗಳು ಒಂದರ ಹಿಂದೆ ಒಂದು ಡಿಪ್ಪರ್ ಹೊಡೆಯತೊಡಗಿದವು. ನನ್ನದು ಲೋ ಬೀಮಿನಲ್ಲೇ ಇದೆಯಲ್ಲ ಅಂತ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಡಿಕ್ಕಿಯಲ್ಲಿ ಅಮ್ಮ ತುಂಬಿಸಿದ ಎರಡು ಚೀಲ ಜೋಳ, ಹಿಂದಿನ ಸೀಟಿನಲ್ಲಿ ಮೂವರು. ಹಿಂದಿನ ಪಟ್ಟಾ ಸ್ಪ್ರಿಂಗ್ ಕುಸಿದು ಗಾಡಿಯ ಮೂಗು ಮೇಲೆದ್ದಿತ್ತು, ಬೆಳಕೂ ಮೇಲೆದ್ದಿತ್ತು. ಗೋಡೆಯ ಮುಂದೆ ಖಾಲಿ ಗಾಡಿ ನಿಲ್ಲಿಸಿ ಹೊಂದಿಸಿದ್ದೆ ನಾನು. ನಿಪ್ಪಾಣಿ ಹತ್ತಿರ ಒಂದು ದಾಬಾದ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎರಡೂ ಕಡೆ ಮೇಲಿನ ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿದೆ. ಸ್ಕ್ರೂ ಡ್ರೈವರ್ ಈಗ ಗ್ಲೋವ್ ಬಾಕ್ಸಿನಲ್ಲೇ ಇರುತ್ತದೆ, ಎರಡು ಫ್ಯೂಸು, ಒಂದು ಬಲ್ಬಿನ ಜೊತೆಗೆ.